ಮಡಿಕೇರಿಯಿಂದ ದೂರದ ಊರಿಗೆ: ರಸ್ತೆ ಮತ್ತು ವಿಮಾನದ ಅಂತರ, ಅವಧಿಗಳನ್ನು ಲೆಕ್ಕ ಹಾಕುವ ಬಗೆ

ಕೊಡಗಿನಲ್ಲಿ ರೈಲು ಹಳಿಯಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಇಲ್ಲಿಂದ ಮುಂಬೈಗೋ ದೆಹಲಿಗೋ ಹೊರಟವರು ಮೊದಲು ಸಂಪಾಜೆಯ ಘಾಟಿಯನ್ನೋ ಮಾಕುಟ್ಟದ ಘಾಟಿಯನ್ನೋ ಇಳಿಯಬೇಕು, ಇಲ್ಲವೇ ಕುಶಾಲನಗರ ದಾಟಿ ಮೈಸೂರಿನ ಬಯಲನ್ನು ಸೇರಬೇಕು. ಎರಡು ಊರುಗಳ ಹೆಸರು ಕೊಟ್ಟು ಅಂತರ ಕೇಳಿದಾಗ ಸಿಗುವ ಅಂಕಿಗಳಲ್ಲಿ ಈ ಘಾಟಿ ಕಾಣಿಸುವುದೇ ಇಲ್ಲ. ಮಡಿಕೇರಿಯಿಂದ ಮುಂಬೈಗೆ ನೇರ ಅಂತರ ಸುಮಾರು 800 ಕಿಲೋಮೀಟರ್. ವಿಮಾನದ ವೇಗವನ್ನು ಗಂಟೆಗೆ 800 ಕಿಲೋಮೀಟರ್ ಎಂದು ಹಿಡಿದರೆ ಪ್ರಯಾಣ ಒಂದೇ ಗಂಟೆಯದು ಎಂದು ಲೆಕ್ಕ ಬರುತ್ತದೆ. ಆದರೆ ಮಡಿಕೇರಿಯ ಮನೆಗೆ ಬೀಗ ಹಾಕಿದ ಕ್ಷಣದಿಂದ ಮುಂಬೈಯ ಮನೆಯ ಕರೆಗಂಟೆ ಒತ್ತುವವರೆಗೆ ಎಂಟು ಗಂಟೆಗಿಂತ ಕಡಿಮೆ ತೆಗೆದುಕೊಂಡವರನ್ನು ನಾನು ಕಂಡಿಲ್ಲ. ಉಳಿದ ಏಳು ಗಂಟೆಗಳು ಎಲ್ಲೆಲ್ಲಿ ಕಳೆಯುತ್ತವೆ ಮತ್ತು ಅವನ್ನು ಹೊರಡುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕುವುದು ಹೇಗೆ ಎಂಬುದೇ ಈ ಬರಹದ ವಿಷಯ.

ನೇರ ಅಂತರವನ್ನು ಕಂಡುಹಿಡಿಯುವುದು

ನೇರ ಅಂತರ ಎಂದರೆ ಭೂಮಿಯ ಮೇಲ್ಮೈಯಲ್ಲಿ ಎರಡು ಬಿಂದುಗಳ ನಡುವೆ ಎಳೆಯಬಹುದಾದ ಅತ್ಯಂತ ಚಿಕ್ಕ ಗೆರೆಯ ಉದ್ದ. ಭೂಮಿಯ ಸರಾಸರಿ ತ್ರಿಜ್ಯವನ್ನು 6,371 ಕಿಲೋಮೀಟರ್ ಎಂದು ಹಿಡಿದು, ಎರಡೂ ಊರುಗಳ ಅಕ್ಷಾಂಶ ರೇಖಾಂಶಗಳಿಂದ ಗಣಕಯಂತ್ರಗಳು ಇದನ್ನು ಲೆಕ್ಕ ಹಾಕುತ್ತವೆ. ಕರ್ನಾಟಕದೊಳಗಿನ ಊರುಗಳಾದರೆ ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವೇ ಸಾಕು. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್. ರೇಖಾಂಶದ ಗೆರೆಗಳು ಧ್ರುವಗಳತ್ತ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ನಮ್ಮ ಭಾಗದಲ್ಲಿ ರೇಖಾಂಶದ ಒಂದು ಡಿಗ್ರಿಗೆ ಸುಮಾರು 108.5 ಕಿಲೋಮೀಟರ್.

ಉದಾಹರಣೆಗೆ, ಮಡಿಕೇರಿ 12.42 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 75.74 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಬೆಂಗಳೂರಿನ ನಡುಭಾಗ 12.97 ಮತ್ತು 77.59ರಲ್ಲಿದೆ. ಅಕ್ಷಾಂಶಗಳ ವ್ಯತ್ಯಾಸ 0.55, ಅದನ್ನು 111ರಿಂದ ಗುಣಿಸಿದರೆ 61 ಕಿಲೋಮೀಟರ್. ರೇಖಾಂಶಗಳ ವ್ಯತ್ಯಾಸ 1.85, ಅದನ್ನು 108.5ರಿಂದ ಗುಣಿಸಿದರೆ 201 ಕಿಲೋಮೀಟರ್. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 210 ಕಿಲೋಮೀಟರ್ ಸಿಗುತ್ತದೆ. ಇದೇ ಕ್ರಮದಲ್ಲಿ ಮಡಿಕೇರಿಯಿಂದ ಮಂಗಳೂರು ಸುಮಾರು 109 ಕಿಲೋಮೀಟರ್ ಆಗುತ್ತದೆ. ದೆಹಲಿಯಂತಹ ದೂರದ ಊರಿಗೆ ರೇಖಾಂಶದ ಗುಣಕ ಸ್ವಲ್ಪ ಕಡಿಮೆಯಾಗಬೇಕು. ಅಲ್ಲಿಗೆ ನೇರ ಅಂತರ ಸುಮಾರು 1,800 ಕಿಲೋಮೀಟರ್.

ಇಲ್ಲಿ ಒಂದು ಎಚ್ಚರ ಬೇಕು. ಊರಿನ ಹೆಸರು ಕೊಟ್ಟಾಗ ಲೆಕ್ಕಕ್ಕೆ ಬರುವುದು ಊರಿನ ನಡುವಿನ ಒಂದು ಬಿಂದುವೇ ಹೊರತು ವಿಮಾನ ನಿಲ್ದಾಣವಲ್ಲ. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2008ರ ಮೇ ತಿಂಗಳಿಂದ ಕೆಲಸ ಮಾಡುತ್ತಿರುವುದು ನಗರದ ಉತ್ತರಕ್ಕೆ, ದೇವನಹಳ್ಳಿಯ ಬಳಿಯಲ್ಲಿ. ಮಡಿಕೇರಿಯಿಂದ ಅಲ್ಲಿಗೆ ನೇರ ಅಂತರ 230 ಕಿಲೋಮೀಟರ್, ಅಂದರೆ ನಗರದ ನಡುಭಾಗಕ್ಕಿಂತ ಇಪ್ಪತ್ತೇ ಕಿಲೋಮೀಟರ್ ಹೆಚ್ಚು. ಗಡಿಯಾರದಲ್ಲಿ ಮಾತ್ರ ಆ ಇಪ್ಪತ್ತು ಕಿಲೋಮೀಟರಿಗೆ ಒಂದೂವರೆ ಗಂಟೆಯಾದರೂ ಕೊಡಬೇಕಾಗುತ್ತದೆ.

ರಸ್ತೆಯನ್ನು ತುಂಡು ಮಾಡಿ ಲೆಕ್ಕ ಹಾಕುವುದು

ಬಯಲು ಸೀಮೆಯ ಊರುಗಳ ನಡುವೆ ರಸ್ತೆಯ ಉದ್ದ ನೇರ ಅಂತರಕ್ಕಿಂತ ಸಾಮಾನ್ಯವಾಗಿ ಕಾಲು ಭಾಗದಷ್ಟು ಹೆಚ್ಚಿರುತ್ತದೆ. ಮಡಿಕೇರಿಯಿಂದ ಬೆಂಗಳೂರಿಗೆ ಮೈಸೂರು ಮಾರ್ಗವಾಗಿ ಸುಮಾರು 265 ಕಿಲೋಮೀಟರ್. 210ರ ಎದುರು ಇಟ್ಟರೆ 1.26 ಪಟ್ಟು. ಮಂಗಳೂರಿಗೆ ಸುಮಾರು 138 ಕಿಲೋಮೀಟರ್. ಅದೂ ಹೆಚ್ಚು ಕಡಿಮೆ ಅಷ್ಟೇ ಪಟ್ಟು. ಆದರೆ ಕಣ್ಣೂರು ವಿಮಾನ ನಿಲ್ದಾಣದ ಲೆಕ್ಕ ಬೇರೆ. ಮಡಿಕೇರಿಯಿಂದ ಅದು ನೇರ ಗೆರೆಯಲ್ಲಿ 59 ಕಿಲೋಮೀಟರ್ ಮಾತ್ರ. ರಸ್ತೆಯಲ್ಲಿ ಸುಮಾರು 90 ಕಿಲೋಮೀಟರ್, ಅಂದರೆ ಒಂದೂವರೆ ಪಟ್ಟು. ಬ್ರಹ್ಮಗಿರಿಯ ಸಾಲನ್ನು ಬಳಸಿ ಸುತ್ತುತ್ತಾ ಇಳಿಯುವ ದಾರಿಗೆ ಇದು ಸಹಜ. ಯಾವುದೇ ಎರಡು ಊರುಗಳಿಗೆ ಈ ಪಟ್ಟು 1.4ನ್ನು ಮೀರಿದರೆ ನಡುವೆ ಘಾಟಿಯೋ ಹೊಳೆಯೋ ಕಾಡೋ ಇದೆ ಎಂದು ತಿಳಿದು, ಅವಧಿಯ ಲೆಕ್ಕವನ್ನು ಇನ್ನಷ್ಟು ಹುಷಾರಾಗಿ ಮಾಡಬೇಕು.

ಒಟ್ಟು ಉದ್ದವನ್ನು ಒಂದೇ ಸರಾಸರಿ ವೇಗದಿಂದ ಭಾಗಿಸುವುದು ಬಹಳ ಜನ ಮಾಡುವ ತಪ್ಪು. ದಾರಿಯ ಅರ್ಧ, ಎಂದರೆ 60 ಕಿಲೋಮೀಟರ್, ಗಂಟೆಗೆ 30ರ ವೇಗದಲ್ಲೂ ಇನ್ನರ್ಧ ಗಂಟೆಗೆ 60ರ ವೇಗದಲ್ಲೂ ಸಾಗಿದರೆ ಸರಾಸರಿ 45 ಎಂದು ಅನಿಸುತ್ತದೆ. ನಿಜವಾಗಿ ಮೊದಲ ಅರ್ಧಕ್ಕೆ ಎರಡು ಗಂಟೆ, ಎರಡನೆಯದಕ್ಕೆ ಒಂದು ಗಂಟೆ. 120 ಕಿಲೋಮೀಟರಿಗೆ ಮೂರು ಗಂಟೆ, ಅಂದರೆ ಸರಾಸರಿ 40. ನಿಧಾನದ ತುಂಡು ಯಾವಾಗಲೂ ತನ್ನ ಉದ್ದಕ್ಕಿಂತ ಹೆಚ್ಚಿನ ಪಾಲು ಸಮಯವನ್ನು ನುಂಗುತ್ತದೆ. ಆದ್ದರಿಂದ ರಸ್ತೆಯನ್ನು ಅದರ ಗುಣಕ್ಕೆ ತಕ್ಕಂತೆ ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ವೇಗ ಹಾಕಿ, ಕೊನೆಯಲ್ಲಿ ನಿಮಿಷಗಳನ್ನು ಕೂಡಿಸಬೇಕು. ನಾನು ಬಳಸುವ ವೇಗಗಳು ಇವು: ಘಾಟಿಯಲ್ಲಿ ಗಂಟೆಗೆ 30 ಕಿಲೋಮೀಟರ್, ಕೊಡಗಿನೊಳಗಿನ ತೋಟಗಳ ನಡುವಿನ ರಸ್ತೆಯಲ್ಲಿ 35, ಬಯಲಿನ ಎರಡು ಪಥದ ಹೆದ್ದಾರಿಯಲ್ಲಿ 50, ದಶಪಥದಲ್ಲಿ 75. ವೇಗಮಾಪಕದ ಮುಳ್ಳು ಇವಕ್ಕಿಂತ ಮೇಲೆಯೇ ಇರುತ್ತದೆ, ನಿಜ. ಆದರೆ ಹಂಪು, ಟೋಲ್, ಸಂತೆಯ ದಿನದ ಗುಂಪು, ಎದುರಿಗೆ ಬಂದ ಲಾರಿಗೆ ದಾರಿ ಬಿಡುವುದು, ಇವೆಲ್ಲ ಸೇರಿದ ಮೇಲೆ ಉಳಿಯುವ ವೇಗ ಇಷ್ಟೇ.

ಬೆಂಗಳೂರಿನ ದಾರಿಗೆ ಇದನ್ನು ಹಚ್ಚಿ ನೋಡೋಣ. ಮಡಿಕೇರಿಯಿಂದ ಸುಂಟಿಕೊಪ್ಪದ ಮೂಲಕ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್, 50 ನಿಮಿಷ. ಕುಶಾಲನಗರದಿಂದ ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿಗೆ ಸುಮಾರು 90 ಕಿಲೋಮೀಟರ್, ಒಂದು ಗಂಟೆ 50 ನಿಮಿಷ. ಮೈಸೂರಿನಿಂದ ಕೆಂಗೇರಿಯ ಹತ್ತಿರದವರೆಗೆ ಸುಮಾರು 130 ಕಿಲೋಮೀಟರ್, ಒಂದು ಗಂಟೆ 45 ನಿಮಿಷ. ಅಲ್ಲಿಂದ ಮೆಜೆಸ್ಟಿಕ್‌ಗೆ 45 ನಿಮಿಷ, ದಾರಿಯಲ್ಲಿ ಕಾಫಿ ತಿಂಡಿಗೆ ಅರ್ಧ ಗಂಟೆ. ಒಟ್ಟು ಐದು ಗಂಟೆ 40 ನಿಮಿಷ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ದಶಪಥ ಈ ಲೆಕ್ಕದ ಮೂರನೆಯ ತುಂಡನ್ನು ಮಾತ್ರ ಬದಲಾಯಿಸಿತು. ಮೊದಲಿನ ಎರಡು ತುಂಡುಗಳು ಹಾಗೆಯೇ ಇವೆ. ಬೈಕಿನಲ್ಲಿ ಹೋಗುವವರಿಗೆ ಆ ಲಾಭವೂ ಇಲ್ಲ, ಏಕೆಂದರೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ ಮತ್ತು ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಅವರು ಪಕ್ಕದ ಸರ್ವಿಸ್ ರಸ್ತೆಯ ವೇಗವನ್ನೇ ಹಾಕಿಕೊಳ್ಳಬೇಕು.

ಕಣ್ಣೂರಿನ ದಾರಿ ಹೀಗೆ. ಮಡಿಕೇರಿಯಿಂದ ಮೂರ್ನಾಡಿನ ಮೇಲೆ ವಿರಾಜಪೇಟೆಗೆ ಸುಮಾರು 31 ಕಿಲೋಮೀಟರ್, 53 ನಿಮಿಷ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ದಾಟಿ ಇರಿಟ್ಟಿಯ ಕಡೆಗೆ ಸುಮಾರು 40 ಕಿಲೋಮೀಟರ್, 80 ನಿಮಿಷ. ಮುಂದೆ ಮಟ್ಟನ್ನೂರಿನ ವಿಮಾನ ನಿಲ್ದಾಣದವರೆಗೆ ಉಳಿದ ಸುಮಾರು 20 ಕಿಲೋಮೀಟರಿಗೆ 35 ನಿಮಿಷ. ಒಟ್ಟು ಎರಡು ಮುಕ್ಕಾಲು ಗಂಟೆ. ಒಂದು ನಿಲುಗಡೆ ಸೇರಿಸಿ ಮೂರು ಗಂಟೆ ಎಂದು ಬರೆದುಕೊಳ್ಳಿ. ಅದೇ ಕ್ರಮದಲ್ಲಿ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಮದೆನಾಡು, ಜೋಡುಪಾಲ, ಸಂಪಾಜೆ, ಸುಳ್ಯ, ಪುತ್ತೂರು, ಮಾಣಿಯ ಮೇಲೆ ನಾಲ್ಕು ಗಂಟೆ. ದೇವನಹಳ್ಳಿಗೆ ಏಳು ಗಂಟೆ. ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ಮೂರು ಗಂಟೆ.

ಮೊಬೈಲಿನ ನಕ್ಷೆ ಇದನ್ನೆಲ್ಲ ತಾನೇ ಮಾಡುತ್ತದಲ್ಲ ಎಂದು ಕೇಳಬಹುದು. ಮಾಡುತ್ತದೆ, ಆದರೆ ರಾತ್ರಿ ಹತ್ತು ಗಂಟೆಗೆ ಹಾಸಿಗೆಯಲ್ಲಿ ಕುಳಿತು ನೋಡಿದರೆ ಅದು ರಾತ್ರಿ ಹತ್ತರ ಖಾಲಿ ರಸ್ತೆಯ ಅವಧಿಯನ್ನು ತೋರಿಸುತ್ತದೆ. ಹೊರಡುವ ದಿನ ಮತ್ತು ಗಂಟೆಯನ್ನು ನಮೂದಿಸುವ ಸೌಲಭ್ಯ ಅದರಲ್ಲಿಯೇ ಇದೆ. ಅದನ್ನು ಬಳಸಿ, ಬಂದ ಉತ್ತರಕ್ಕೆ ಘಾಟಿಯ ದಾರಿಯಾದರೆ ಕಾಲು ಭಾಗ ಸೇರಿಸಬೇಕು. ನಕ್ಷೆ ಸೂಚಿಸುವ ಅಡ್ಡದಾರಿಗಳನ್ನೂ ಕಣ್ಣುಮುಚ್ಚಿ ನಂಬಬಾರದು. ಕುಟ್ಟದಿಂದ ನಾಗರಹೊಳೆಯ ಕಾಡಿನೊಳಗೆ ಹುಣಸೂರಿಗೆ ಹೋಗುವ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ಮುಚ್ಚಿರುತ್ತದೆ. ಗೇಟಿನ ಮುಂದೆ ನಿಂತು ಹಿಂದಿರುಗಿದರೆ ವಿಮಾನದ ಆಸೆ ಬಿಟ್ಟಂತೆಯೇ. ತಿತಿಮತಿ, ಆನೆಚೌಕೂರಿನ ದಾರಿಯಲ್ಲಿ ಆನೆ ರಸ್ತೆಗೆ ಬಂದು ನಿಂತರೆ ಅದು ಸರಿಯುವವರೆಗೆ ಕಾಯದೆ ಬೇರೆ ದಾರಿಯಿಲ್ಲ, ಮತ್ತು ಅದಕ್ಕೆ ನಮ್ಮ ಟಿಕೆಟ್ಟಿನ ಸಮಯ ಗೊತ್ತಿರುವುದಿಲ್ಲ. ಮಾಕುಟ್ಟದ ಕಾಡಿನಲ್ಲಿ ಮೊಬೈಲ್ ಸಂಪರ್ಕ ಬಿಟ್ಟು ಬಿಟ್ಟು ಸಿಗುವುದರಿಂದ ನಕ್ಷೆಯನ್ನು ಮನೆಯಲ್ಲಿಯೇ ಇಳಿಸಿಕೊಂಡಿರುವುದು ಒಳ್ಳೆಯದು.

ವಿಮಾನದ ಅವಧಿಗೆ ಒಂದು ಸುಲಭ ಸೂತ್ರ

ಟಿಕೆಟ್ಟಿನಲ್ಲಿ ಬರೆದಿರುವ ಅವಧಿ ವಿಮಾನ ಆಕಾಶದಲ್ಲಿರುವ ಹೊತ್ತಲ್ಲ. ವಿಮಾನ ತಾನು ನಿಂತ ಜಾಗವನ್ನು ಬಿಟ್ಟ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ನಿಲ್ಲುವ ಕ್ಷಣದವರೆಗಿನ ಸಮಯ ಅದು. ರನ್‌ವೇವರೆಗೆ ತೆವಳುವುದು, ಸರದಿಗಾಗಿ ಕಾಯುವುದು, ಮೇಲೇರುವುದು, ಇಳಿಯುವ ಮೊದಲು ಸುತ್ತು ಹಾಕುವುದು ಎಲ್ಲವೂ ಅದರಲ್ಲಿ ಸೇರಿರುತ್ತವೆ. ದೇಶದೊಳಗಿನ ಜೆಟ್ ವಿಮಾನಗಳಿಗೆ ನೇರ ಅಂತರವನ್ನು 800ರಿಂದ ಭಾಗಿಸಿ ಬಂದ ಸಮಯಕ್ಕೆ 40 ನಿಮಿಷ ಸೇರಿಸಿದರೆ ವೇಳಾಪಟ್ಟಿಗೆ ಬಹಳ ಹತ್ತಿರದ ಉತ್ತರ ಸಿಗುತ್ತದೆ. ಬೆಂಗಳೂರು–ದೆಹಲಿ ನಿಲ್ದಾಣಗಳ ನಡುವೆ ಸುಮಾರು 1,700 ಕಿಲೋಮೀಟರ್. ಸೂತ್ರದಂತೆ ಎರಡು ಗಂಟೆ 47 ನಿಮಿಷ. ಬೆಂಗಳೂರು–ಮುಂಬೈ ಸುಮಾರು 835. ಒಂದು ಗಂಟೆ 43 ನಿಮಿಷ. ಮಂಗಳೂರು–ಮುಂಬೈ ಸುಮಾರು 712. ಒಂದು ಗಂಟೆ 33 ನಿಮಿಷ. ಕಣ್ಣೂರು–ಮುಂಬೈ ಸುಮಾರು 845. ಒಂದು ಗಂಟೆ 43 ನಿಮಿಷ.

ಈ ಸೂತ್ರದಲ್ಲಿ ಒಂದು ಸಂಗತಿ ಗಮನಿಸಬೇಕಾದದ್ದು. ಬೆಂಗಳೂರು–ಮಂಗಳೂರು ನಡುವೆ ನೇರ ಅಂತರ ಸುಮಾರು 305 ಕಿಲೋಮೀಟರ್. ಹಾರುವ ಪಾಲು 23 ನಿಮಿಷವಾದರೆ ಸ್ಥಿರವಾದ ಪಾಲು 40 ನಿಮಿಷ. ಅಂತರ ಚಿಕ್ಕದಾದಷ್ಟೂ ವಿಮಾನದ ವೇಗಕ್ಕೆ ಬೆಲೆ ಕಡಿಮೆ. ಪಂಖದ ಚಿಕ್ಕ ವಿಮಾನವಾದರೆ ಅದರ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. 300 ಕಿಲೋಮೀಟರಿನ ಹಾರಾಟದಲ್ಲಿ ಜೆಟ್ಟಿಗೂ ಅದಕ್ಕೂ ಕಾಲು ಗಂಟೆಯಷ್ಟೇ ವ್ಯತ್ಯಾಸ, ಹಾಗಾಗಿ ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಬಾಗಿಲಿನಿಂದ ಬಾಗಿಲಿಗೆ

ಈಗ ಎಲ್ಲವನ್ನೂ ಕೂಡಿಸುವ ಕೆಲಸ. ಐದು ಅಂಕಿಗಳನ್ನು ಒಂದರ ಕೆಳಗೊಂದು ಬರೆಯಬೇಕು: ಮನೆಯಿಂದ ನಿಲ್ದಾಣಕ್ಕೆ ರಸ್ತೆಯ ಅವಧಿ, ನಿಲ್ದಾಣದಲ್ಲಿ ಮುಂಚಿತವಾಗಿ ಇರಬೇಕಾದ ಹೊತ್ತು, ವಿಮಾನದ ಅವಧಿ, ಇಳಿದ ಮೇಲೆ ಹೊರಬರುವ ಹೊತ್ತು, ಅಲ್ಲಿಂದ ತಲುಪಬೇಕಾದ ಮನೆಗೆ ಪ್ರಯಾಣ. ದೇಶದೊಳಗಿನ ವಿಮಾನಗಳಿಗೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮುಂಚೆಯೂ ಗೇಟು ಸುಮಾರು 25 ನಿಮಿಷ ಮುಂಚೆಯೂ ಮುಚ್ಚುತ್ತವೆ. ಆದ್ದರಿಂದ ಒಂದೂವರೆ ಗಂಟೆ ಮುಂಚೆ ನಿಲ್ದಾಣದಲ್ಲಿರುವುದು ಕನಿಷ್ಠ ಲೆಕ್ಕ. ಚೀಲ ಒಪ್ಪಿಸಿದ್ದರೆ ಇಳಿದ ಮೇಲೆ ಮುಕ್ಕಾಲು ಗಂಟೆ, ಕೈಚೀಲ ಮಾತ್ರವಾದರೆ ಅರ್ಧ ಗಂಟೆ. ನಮ್ಮವರು ಬರಿಗೈಯಲ್ಲಿ ಹೋಗುವುದಿಲ್ಲವಾದ್ದರಿಂದ ಒಂದು ಮಾತು: ಜೇನುತುಪ್ಪ, ಕಾಚಂಪುಳಿಯ ಶೀಶೆಗಳನ್ನು ಒಪ್ಪಿಸುವ ಚೀಲದಲ್ಲಿಯೇ ಭದ್ರವಾಗಿ ಕಟ್ಟಿಡಿ. ವಿದೇಶಕ್ಕೆ ಹೋಗುವ ವಿಮಾನಗಳ ಕೈಚೀಲದಲ್ಲಿ ಒಂದು ಶೀಶೆಗೆ 100 ಮಿಲಿಲೀಟರಿನ ಮಿತಿಯಿದೆ, ಮತ್ತು ತಪಾಸಣೆಯ ಸಾಲಿನಲ್ಲಿ ಚೀಲ ಬಿಚ್ಚಿ ವಿವರಣೆ ಕೊಡುವುದಕ್ಕೆ ಹಿಡಿಯುವ ಹತ್ತು ನಿಮಿಷ ಯಾವ ಸೂತ್ರದಲ್ಲಿಯೂ ಇರುವುದಿಲ್ಲ.

ಮಡಿಕೇರಿಯಿಂದ ಮುಂಬೈಗೆ ಕಣ್ಣೂರಿನ ಮೂಲಕವಾದರೆ ಮೂರು ಗಂಟೆ, ಒಂದೂವರೆ ಗಂಟೆ, ಒಂದು ಗಂಟೆ 43 ನಿಮಿಷ, ಮುಕ್ಕಾಲು ಗಂಟೆ, ಒಂದು ಗಂಟೆ. ಒಟ್ಟು ಸುಮಾರು ಎಂಟು ಗಂಟೆ. ಮಂಗಳೂರಿನ ಮೂಲಕ ಒಂಬತ್ತಕ್ಕೆ ಸ್ವಲ್ಪ ಕಡಿಮೆ. ಬೆಂಗಳೂರಿನ ಮೂಲಕ ಹನ್ನೆರಡು. ಸುಮಾರು ಸಾವಿರ ಕಿಲೋಮೀಟರಿನ ರಸ್ತೆಯಲ್ಲಿಯೇ ಹೋಗುವುದಾದರೆ ಊಟ, ವಿಶ್ರಾಂತಿ ಸೇರಿ ಇಪ್ಪತ್ತು ಗಂಟೆಯ ಆಸುಪಾಸು. ಇಲ್ಲಿ ವಿಮಾನ ಗೆದ್ದಿತು.

ಮಡಿಕೇರಿಯಿಂದ ಬೆಂಗಳೂರಿಗೆ ಕಣ್ಣೂರಿನಿಂದ ಹಾರಿದರೆ ಮೂರು, ಒಂದೂವರೆ, ಒಂದು, ಅರ್ಧ, ಮತ್ತು ದೇವನಹಳ್ಳಿಯಿಂದ ನಗರದೊಳಕ್ಕೆ ಒಂದೂವರೆ. ಒಟ್ಟು ಏಳೂವರೆ ಗಂಟೆ. ಕಾರಿನಲ್ಲಿ ಐದು ಗಂಟೆ 40 ನಿಮಿಷ. ವಿಮಾನದಲ್ಲಿ ಹೋಗಿ ಎರಡು ಗಂಟೆ ಕಳೆದುಕೊಂಡಂತಾಯಿತು.

ಚೆನ್ನೈಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ರಸ್ತೆಯಲ್ಲಿ ಬೆಂಗಳೂರಿನ ಮೇಲೆ ಸುಮಾರು 610 ಕಿಲೋಮೀಟರ್, ಹನ್ನೊಂದೂವರೆ ಗಂಟೆ. ದೇವನಹಳ್ಳಿಯಿಂದ ಹಾರಿದರೆ ಏಳು, ಒಂದೂವರೆ, ಒಂದು, ಅರ್ಧ, ಒಂದು, ಹನ್ನೊಂದು ಗಂಟೆ. ಅರ್ಧ ಗಂಟೆಯ ಉಳಿತಾಯಕ್ಕಾಗಿ ಟಿಕೆಟ್ಟಿನ ಹಣ ಕೊಟ್ಟಂತೆ. ಅದೇ ಕಣ್ಣೂರಿನಿಂದ ನೇರ ವಿಮಾನ ಸಿಕ್ಕರೆ ಏಳೂಕಾಲು ಗಂಟೆಯಷ್ಟು ಸಾಕು. ಒಂದೇ ಊರಿಗೆ, ಒಂದೇ ಬಗೆಯ ವಿಮಾನದಲ್ಲಿ, ನಿಲ್ದಾಣದ ಆಯ್ಕೆಯೊಂದರಿಂದಲೇ ಸುಮಾರು ನಾಲ್ಕು ಗಂಟೆ ಹೆಚ್ಚು ಕಡಿಮೆಯಾಗುತ್ತದೆ. ನೇರ ಹಾರಾಟ ಇದ್ದರೆ ಮಾತ್ರ ಈ ಮಾತು; ನಡುವೆ ಇನ್ನೊಂದು ನಿಲ್ದಾಣದಲ್ಲಿ ಇಳಿದು ನಾಲ್ಕು ಗಂಟೆ ಕಾಯಬೇಕಾದರೆ ಹತ್ತಿರದ ನಿಲ್ದಾಣದ ಲಾಭವೆಲ್ಲ ಅಲ್ಲಿಯೇ ಕರಗುತ್ತದೆ. ಚಿಕ್ಕ ನಿಲ್ದಾಣಗಳ ವೇಳಾಪಟ್ಟಿ ಬೇಸಿಗೆಗೂ ಚಳಿಗಾಲಕ್ಕೂ ಬದಲಾಗುವುದರಿಂದ ಹೋದ ವರ್ಷ ಇದ್ದ ವಿಮಾನ ಈ ವರ್ಷವೂ ಇದೆ ಎಂದು ಊಹಿಸಬಾರದು. ಮೈಸೂರಿನ ನಿಲ್ದಾಣಕ್ಕೆ ಈ ಮಾತು ಎಲ್ಲಕ್ಕಿಂತ ಹೆಚ್ಚಾಗಿ ಸಲ್ಲುತ್ತದೆ. ದಾರಿ ಸುಲಭ, ವಿಮಾನಗಳು ಕಡಿಮೆ.

ಯಾವ ಊರಿನವರಿಗೆ ಯಾವ ನಿಲ್ದಾಣ

ಕೊಡಗು ಚಿಕ್ಕ ಜಿಲ್ಲೆಯಾದರೂ ಅದರ ನಾಲ್ಕು ಮೂಲೆಗಳಿಗೆ ನಾಲ್ಕು ನಿಲ್ದಾಣಗಳು ಹತ್ತಿರ. 2018ರ ಡಿಸೆಂಬರ್ 9ರಂದು ಕಣ್ಣೂರು ನಿಲ್ದಾಣ ತೆರೆದಾಗ ಹೆಚ್ಚಿನ ಲಾಭವಾದದ್ದು ವಿರಾಜಪೇಟೆ ಮತ್ತು ಪೊನ್ನಂಪೇಟೆ ತಾಲ್ಲೂಕುಗಳಿಗೆ. ವಿರಾಜಪೇಟೆಯಿಂದ ಅದು 60 ಕಿಲೋಮೀಟರಿನೊಳಗೆ, ಎರಡು ಗಂಟೆಯ ದಾರಿ. ಸಂಪಾಜೆ, ಮದೆನಾಡಿನವರಿಗೆ ಮಂಗಳೂರೇ ಸಹಜ. ಕುಶಾಲನಗರದವರಿಗೆ ಬಯಲಿನ ದಾರಿ ಮೊದಲಿನಿಂದಲೂ ತೆರೆದಿರುವುದರಿಂದ ಬೆಂಗಳೂರೇ ಸರಿಹೋಗುತ್ತದೆ. ಅವರಿಗೆ ದೇವನಹಳ್ಳಿ ಆರು ಗಂಟೆಯ ಲೆಕ್ಕ. ಸೋಮವಾರಪೇಟೆ, ಶನಿವಾರಸಂತೆಯ ಕಡೆಯವರು ಮೈಸೂರಿಗೆ ಇಳಿಯದೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಮೇಲೆ ನೆಲಮಂಗಲಕ್ಕೆ ಬಂದು, ಅಲ್ಲಿಂದ ದೊಡ್ಡಬಳ್ಳಾಪುರದ ಮೂಲಕ ದೇವನಹಳ್ಳಿ ಸೇರಬಹುದು. ಕಿಲೋಮೀಟರುಗಳಲ್ಲಿ ದೊಡ್ಡ ಉಳಿತಾಯವೇನೂ ಕಾಣದಿದ್ದರೂ ಬೆಂಗಳೂರಿನ ಹೊಟ್ಟೆಯೊಳಗೆ ಹೊಕ್ಕು ಹೊರಬರುವುದು ತಪ್ಪುತ್ತದೆ.

ಬಸ್ಸಿನಲ್ಲಿ ಹೋಗಿ ದೇವನಹಳ್ಳಿಯಲ್ಲಿ ವಿಮಾನ ಹತ್ತುವವರು ಸ್ಯಾಟಲೈಟ್ ನಿಲ್ದಾಣದವರೆಗೆ ಹೋಗಿ ಅಲ್ಲಿ ಟ್ಯಾಕ್ಸಿಗೆ ಪರದಾಡುವ ಬದಲು, ಮೈಸೂರು ರಸ್ತೆಯಲ್ಲಿ ಇಳಿದು ಮೆಟ್ರೊ ಹಿಡಿಯುವುದು ಲೇಸು. ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದವರೆಗೆ ಬಂದಿದೆ. ಅದರಲ್ಲಿ ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿಂದ ಬಿಎಂಟಿಸಿಯ ವಾಯುವಜ್ರ ಬಸ್ಸು ಹತ್ತಬಹುದು. ಮೈಸೂರಿನಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗುವ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇನ್ನೊಂದು ಆಯ್ಕೆ; ನಡುವೆ ಗಾಡಿ ಬದಲಿಸಲು ಇಷ್ಟವಿಲ್ಲದ ಹಿರಿಯರಿಗೆ ನಾನು ಅದನ್ನೇ ಹೇಳುತ್ತೇನೆ.

ಮಳೆಗಾಲದ ಲೆಕ್ಕ

ಮೇಲಿನ ಅಂಕಿಗಳೆಲ್ಲ ಒಣ ದಿನಗಳವು. ಜೂನಿನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲಿಯೂ ಕಕ್ಕಡ ತಿಂಗಳಿನಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ), ಇವನ್ನು ಹಾಗೆಯೇ ಬಳಸುವುದು ತಪ್ಪು. 2018ರ ಜೂನಿನಲ್ಲಿ ಮಾಕುಟ್ಟದ ರಸ್ತೆ ಬರೆ ಕುಸಿದು ಮುಚ್ಚಿತು. ಅದೇ ವರ್ಷದ ಆಗಸ್ಟಿನ ದುರಂತದಲ್ಲಿ ಮದೆನಾಡು, ಜೋಡುಪಾಲದ ಬಳಿ ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಕಡಿದುಹೋಯಿತು. ಒಂದೇ ಮಳೆಗಾಲದಲ್ಲಿ ಪಶ್ಚಿಮದ ಎರಡೂ ಬಾಗಿಲುಗಳು ಮುಚ್ಚಿದವು, ಪೂರ್ವದ ದಾರಿಯೊಂದೇ ಉಳಿಯಿತು. ಅಂತಹ ವರ್ಷ ಪ್ರತಿ ಸಲ ಬರುವುದಿಲ್ಲ. ಆದರೆ ಮರ ಬೀಳುವುದು, ಒಂದು ಕಡೆಯ ವಾಹನಗಳನ್ನು ಮಾತ್ರ ಬಿಡುವುದು, ಜಿಲ್ಲಾಡಳಿತ ಭಾರಿ ವಾಹನಗಳನ್ನು ತಡೆಯುವುದು ಇವು ಪ್ರತಿ ಮಳೆಗಾಲದ ಸಂಗತಿಗಳೇ.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಿನಲ್ಲಿ, ಕಣ್ಣೂರಿನಿಂದ ಬೆಳಗಿನ ವಿಮಾನ ಹಿಡಿಯಬೇಕೆಂದು ಮೂರು ಗಂಟೆಯ ಲೆಕ್ಕವನ್ನೇ ನಂಬಿ ಮನೆ ಬಿಟ್ಟಿದ್ದೆ. ಪೆರುಂಬಾಡಿ ದಾಟಿ ಸ್ವಲ್ಪ ದೂರದಲ್ಲಿ ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಮುಂದಿದ್ದ ಜೀಪಿನವರ ಬಳಿ ಕತ್ತಿಯಿತ್ತು, ಆದರೆ ಆ ದಪ್ಪದ ಬುಡಕ್ಕೆ ಕತ್ತಿ ಸಾಲುವಂತಿರಲಿಲ್ಲ. ಗರಗಸದ ಯಂತ್ರ ಬಂದು ದಾರಿ ಬಿಡುವ ಹೊತ್ತಿಗೆ ಒಂದು ಗಂಟೆ 20 ನಿಮಿಷ ಕಳೆದಿತ್ತು. ನಾನು ನಿಲ್ದಾಣ ತಲುಪಿದಾಗ ಕೌಂಟರ್ ಮುಚ್ಚಿ ಹತ್ತು ನಿಮಿಷವಾಗಿತ್ತು. ತಪ್ಪು ಮರದ್ದೂ ಅಲ್ಲ, ಕೌಂಟರಿನದ್ದೂ ಅಲ್ಲ. ಬೇಸಿಗೆಯ ಅಂಕಿಯನ್ನು ಕಕ್ಕಡಕ್ಕೆ ಬಳಸಿದವನದ್ದು.

ಅಂದಿನಿಂದ ಮಳೆಗಾಲದಲ್ಲಿ ಘಾಟಿಯ ತುಂಡಿನ ಅವಧಿಯನ್ನು ಮಾತ್ರ ಎರಡರಿಂದ ಗುಣಿಸುತ್ತೇನೆ. ಉಳಿದ ತುಂಡುಗಳಿಗೆ ಕಾಲು ಭಾಗ ಸೇರಿಸುತ್ತೇನೆ. ಕಣ್ಣೂರಿನ ದಾರಿಗೆ 80 ನಿಮಿಷದ ಘಾಟಿ 160 ಆಗಿ, ಒಟ್ಟು ಅವಧಿ ನಾಲ್ಕೂವರೆ ಗಂಟೆಯ ಮೇಲಾಗುತ್ತದೆ. ಸಂಪಾಜೆಯ ದಾರಿಗೆ ಇದೇ ರೀತಿ ಮಾಡಿದರೆ ಐದೂವರೆ ಗಂಟೆಯ ಹತ್ತಿರ ಬರುತ್ತದೆ. ಕುಶಾಲನಗರದ ದಾರಿಯಲ್ಲಿ ದೊಡ್ಡ ಘಾಟಿಯಿಲ್ಲದ ಕಾರಣ ಏಳು ಗಂಟೆ ಎಂಟೂಮುಕ್ಕಾಲು ಆಗಬಹುದೇ ಹೊರತು ಪೂರ್ತಿ ತಪ್ಪಿಹೋಗುವ ಭಯ ಕಡಿಮೆ. ತಪ್ಪಲೇಬಾರದ ಪ್ರಯಾಣ, ಎಂದರೆ ವಿದೇಶದ ಕೆಲಸಕ್ಕೆ ಸೇರುವುದು, ಪರೀಕ್ಷೆ, ಆಸ್ಪತ್ರೆಯ ದಿನ ಇಂತಹವಾದರೆ, ಮಳೆಗಾಲದಲ್ಲಿ ಉದ್ದದ ಆ ದಾರಿಯನ್ನೇ ಆರಿಸಿಕೊಳ್ಳಬೇಕು, ಇಲ್ಲವೇ ಹಿಂದಿನ ದಿನವೇ ಘಾಟಿ ಇಳಿದು ಮಟ್ಟನ್ನೂರಿನಲ್ಲೋ ಮಂಗಳೂರಿನಲ್ಲೋ ಉಳಿಯಬೇಕು ಎಂಬುದು ನನ್ನ ಅಭಿಪ್ರಾಯ. ಕೋಣೆಯ ಬಾಡಿಗೆ ಉಳಿಸಲು ಹೋಗಿ ಟಿಕೆಟ್ಟನ್ನೇ ಕಳೆದುಕೊಂಡವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಮಳೆಯಲ್ಲದ ಅಡ್ಡಿಗಳೂ ಇವೆ, ಆದರೆ ಅವು ದಿನಾಂಕ ಗೊತ್ತಿರುವ ಅಡ್ಡಿಗಳು. ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣದ ತಲಕಾವೇರಿ ಜಾತ್ರೆ, ವಿಜಯದಶಮಿಯ ರಾತ್ರಿ ಮಡಿಕೇರಿಯ ದಶಮಂಟಪಗಳ ಮೆರವಣಿಗೆ, ಮೈಸೂರಿನ ದಸರಾ, ಸಾಲು ರಜೆಗಳು. ಭಾನುವಾರ ಮಧ್ಯಾಹ್ನದ ಮೇಲೆ ಪ್ರವಾಸಿಗರೆಲ್ಲ ಒಟ್ಟಿಗೆ ಬೆಂಗಳೂರಿನತ್ತ ತಿರುಗುವುದರಿಂದ ಕುಶಾಲನಗರದ ತುಂಡಿಗೆ ಅರ್ಧ ಗಂಟೆ, ಕೆಂಗೇರಿಯಿಂದ ಮುಂದಿನ ತುಂಡಿಗೆ ಒಂದು ಗಂಟೆ ಹೆಚ್ಚು ಹಾಕಬೇಕು. ಡಿಸೆಂಬರ್, ಜನವರಿಯ ಬೆಳಗಿನ ಜಾವಗಳಲ್ಲಿ ದೇವನಹಳ್ಳಿಯಲ್ಲಿ ಮಂಜು ಕವಿದು ವಿಮಾನಗಳೇ ತಡವಾಗುವುದುಂಟು. ಅಲ್ಲಿಂದ ಮುಂದೆ ಇನ್ನೊಂದು ವಿಮಾನ ಹಿಡಿಯಬೇಕಾದವರು ನಡುವೆ ಮೂರು ಗಂಟೆಯಾದರೂ ಬಿಟ್ಟುಕೊಳ್ಳಬೇಕು.

ವಿದೇಶದ ಟಿಕೆಟ್ಟು ಮತ್ತು ಹಿಂದಿರುಗುವ ದಾರಿ

ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದ್ದು, ತಲುಪುವ ಸಮಯ ತಲುಪುವ ಊರಿನದ್ದು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಕಣ್ಣೂರಿನಿಂದ ರಾತ್ರಿ 8ಕ್ಕೆ ಹೊರಟು ದುಬೈಗೆ 10.20ಕ್ಕೆ ತಲುಪುತ್ತದೆ ಎಂದು ಬರೆದಿದ್ದರೆ ಪ್ರಯಾಣ ಎರಡು ಗಂಟೆ 20 ನಿಮಿಷದ್ದಲ್ಲ, ಮೂರು ಗಂಟೆ 50 ನಿಮಿಷದ್ದು. ಸುಮಾರು 2,600 ಕಿಲೋಮೀಟರಿಗೆ ನಮ್ಮ ಸೂತ್ರ ಕೊಡುವುದೂ ಹೆಚ್ಚು ಕಡಿಮೆ ಅಷ್ಟನ್ನೇ, ಮೂರು ಗಂಟೆ 55 ನಿಮಿಷ. ಹಿಂದಿರುಗುವಾಗ ಇದು ತಿರುವುಮುರುವಾಗಿ, ಟಿಕೆಟ್ಟಿನಲ್ಲಿ ಐದು ಗಂಟೆಗೂ ಹೆಚ್ಚು ಕಾಣುತ್ತದೆ. ವಿದೇಶದ ವಿಮಾನಕ್ಕೆ ನಿಲ್ದಾಣದಲ್ಲಿ ಮೂರು ಗಂಟೆ ಮುಂಚೆ ಇರಬೇಕೆಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಬರುವಾಗಿನ ಅವಧಿ ಹೋಗುವಾಗಿನಷ್ಟೇ ಎಂದು ಊಹಿಸಬೇಡಿ. ನಿಲ್ದಾಣದಲ್ಲಿ ಕಾಯುವ ಒಂದೂವರೆ ಗಂಟೆ ಆ ಊರಿನಲ್ಲಿ ಕಳೆಯುತ್ತದೆ. ಇಲ್ಲಿ ಉಳಿಯುವುದು ಇಳಿದು ಘಾಟಿ ಏರುವ ಕೆಲಸ. ಕಣ್ಣೂರಿನಲ್ಲಿ ರಾತ್ರಿ ಹತ್ತಕ್ಕೆ ಇಳಿದವರು ಮಾಕುಟ್ಟದ ತಿರುವುಗಳಿಗೆ ಬರುವಾಗ ಮಧ್ಯರಾತ್ರಿಯಾಗಿರುತ್ತದೆ, ಮಂಜು ಇಳಿದಿದ್ದರೆ ಕಾರಿನ ಬೆಳಕು ಬಾನೆಟ್ಟಿನ ಆಚೆಗೆ ಹೋಗುವುದಿಲ್ಲ. ಟಿಕೆಟ್ ಕಾದಿರಿಸುವಾಗಲೇ ಹಿಂದಿರುಗುವ ವಿಮಾನ ಮಧ್ಯಾಹ್ನ ಮೂರರ ಒಳಗೆ ಇಳಿಯುವಂತೆ ನೋಡಿಕೊಂಡರೆ ಬೆಳಕಿರುವಾಗಲೇ ಪೆರುಂಬಾಡಿ ದಾಟಬಹುದು. ಅಂತಹ ವಿಮಾನ ಸಿಗದಿದ್ದರೆ, ಬಾಡಿಗೆ ಕಾರಿನ ಚಾಲಕರಿಗೆ ಇಳಿಯುವ ಸಮಯವನ್ನಲ್ಲ, ಮುಕ್ಕಾಲು ಗಂಟೆ ಸೇರಿಸಿ ಹೊರಬರುವ ಸಮಯವನ್ನು ಹೇಳಿ, ಅವರು ಹಗಲಿನಲ್ಲಿ ಮಲಗಿ ಬರುವಂತೆ ಹಿಂದಿನ ದಿನವೇ ತಿಳಿಸಿರಬೇಕು.